ಹಳೆ 1210 ಬಾನೆಟ್ ಲಾರಿ: ಗೇರ್ ಹಾಕಿದರೆ ಕರ್ರ್ ಅನ್ನುತ್ತಿದೆ, ಗೇರ್‌ಬಾಕ್ಸ್ ಇಳಿಸಲೇಬೇಕಾ?

ಮಾಲೂರು_ಬಾನೆಟ್:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಟಾಟಾ 1210 ಇದೆ. 1978ರ ಮಾಡೆಲ್, ಮುಂದೆ ಬಾನೆಟ್ ಇರುವುದು. ಅಪ್ಪ ಮಾಲೂರಿನಿಂದ ಇಟ್ಟಿಗೆ, ಹೆಂಚು ಹೊಡೆಯುತ್ತಿದ್ದ ಗಾಡಿ. ಅವರು ಸ್ಟೇರಿಂಗ್ ಬಿಟ್ಟ ಮೇಲೆ ಬಹಳ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಈಗ ಎಂಜಿನ್, ಬ್ರೇಕ್ ಎರಡೂ ಮಾಡಿಸಿ ಹೊರಗೆ ತೆಗೆದಿದ್ದೇನೆ.

ತೊಂದರೆ ಗೇರಿನದು. ಗಾಡಿ ನಿಂತಿದ್ದಾಗ ಫಸ್ಟ್ ಅಥವಾ ರಿವರ್ಸ್ ಹಾಕಿದರೆ ಕರ್ರ್ ಅಂತ ಹಲ್ಲು ಕಡಿಯುತ್ತದೆ. ಓಡುವಾಗ ಸೆಕೆಂಡ್, ಫೋರ್ತ್, ಟಾಪ್ ಸಲೀಸು. ಆದರೆ ಫೋರ್ತಿನಿಂದ ಥರ್ಡಿಗೆ ಇಳಿಸುವಾಗ ಮತ್ತೆ ಅದೇ ಸದ್ದು. ಬಾಕ್ಸ್ ಬಿಸಿಯಾದ ಮೇಲೆ ಇನ್ನೂ ಜಾಸ್ತಿ. ಎಂಜಿನ್ ಆಫ್ ಮಾಡಿ ಹಾಕಿದರೆ ಮಾತ್ರ ಎಲ್ಲ ಗೇರೂ ತಕರಾರಿಲ್ಲದೆ ಬೀಳುತ್ತವೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಒಂದು ಸುತ್ತು ಓಡಿಸಿ ನೋಡಿ, "ಬಾಕ್ಸ್ ಇಳಿಸಿ ಗೇರ್ ಸೆಟ್ ಪೂರ್ತಿ ಬದಲಾಯಿಸಬೇಕು" ಅಂದರು. ಹೇಳಿದ ಮೊತ್ತ ಕೇಳಿ ಗಾಬರಿಯಾಯಿತು. ನಿಜವಾಗಿಯೂ ಅಷ್ಟು ಬೇಕಾ? ತಿಳಿದವರು ಹೇಳಿ.

ನಂಗಲಿ_ಡ್ರೈವರ್:
ಡಬಲ್ ಕ್ಲಚ್ ಹೊಡೆಯಿರಿ. ಎಲ್ಲ ಸರಿಹೋಗುತ್ತದೆ.

ಬೇತಮಂಗಲ_ಫಿಟ್ಟರ್:
ಅಣ್ಣ, ಬಾಕ್ಸಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಮೊದಲು ಕ್ಲಚ್ ನೋಡಿ.

ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತದೆ ಅಂದರೆ ಲಿವರ್, ಫೋರ್ಕ್, ರಾಡ್ ಎಲ್ಲ ಚೆನ್ನಾಗಿವೆ. ಎಂಜಿನ್ ಓಡುತ್ತಿದ್ದಾಗ, ಗಾಡಿ ನಿಂತಲ್ಲೇ ಹಲ್ಲು ಕಡಿದರೆ ಮುಕ್ಕಾಲು ಪಾಲು ಕ್ಲಚ್ ಎಂಜಿನ್ನಿನಿಂದ ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ. ಪೆಡಲ್ ಒತ್ತಿದರೂ ಎಂಜಿನ್ ಸ್ವಲ್ಪ ಸ್ವಲ್ಪ ಬಾಕ್ಸನ್ನು ಎಳೆಯುತ್ತಲೇ ಇರುತ್ತದೆ.

ಈಗಲೇ ಪರೀಕ್ಷೆ ಮಾಡಿ. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಎಂಜಿನ್ ಐಡ್ಲಿಂಗ್‌ನಲ್ಲಿ ಇರಲಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ಮನಸ್ಸಿನಲ್ಲೇ ನಿಧಾನವಾಗಿ ಐದಾರು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಚೆನ್ನಾಗಿದೆ. ಅಷ್ಟು ಕಾದ ಮೇಲೂ ಕಡಿದರೆ ಕ್ಲಚ್ ಎಳೆಯುತ್ತಿದೆ. ಆಗ ಪೆಡಲನ್ನು ಮೂರು ನಾಲ್ಕು ಸಲ ಬೇಗ ಬೇಗ ಪಂಪ್ ಮಾಡಿ ಮತ್ತೆ ಹಾಕಿ ನೋಡಿ. ವ್ಯತ್ಯಾಸ ಬಂದರೆ ಹೇಳಿ.

ಬಂಗಾರಪೇಟೆ_07:
ಫಿಟ್ಟರಣ್ಣ ಹೇಳಿದ್ದು ಸರಿ. ನಮ್ಮ ಚಿಕ್ಕಪ್ಪನ ಗಾಡಿಯಲ್ಲಿ ಇದೇ ಕತೆ. ಒಂದು ಕಡೆ ಬಾಕ್ಸ್ ಇಳಿಸಿ, ಗೇರ್, ಬೇರಿಂಗ್ ಎಲ್ಲ ಹೊಸದು ಹಾಕಿಕೊಟ್ಟರು. ಮನೆಗೆ ಬರುವ ದಾರಿಯಲ್ಲೇ ಅದೇ ಕರ್ರ್. ಕೊನೆಗೆ ಬೇರೆ ಮೇಸ್ತ್ರಿ ನೋಡಿದರೆ ಫ್ಲೈವೀಲ್ ಮಧ್ಯದಲ್ಲಿ ಬಾಕ್ಸಿನ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಒಣಗಿ ಹಿಡಿದುಕೊಂಡಿತ್ತು. ಕ್ಲಚ್ ಒತ್ತಿದರೂ ಆ ಬೇರಿಂಗ್ ಮೂಲಕ ಶಾಫ್ಟ್ ತಿರುಗುತ್ತಲೇ ಇತ್ತು. ಬಾಕ್ಸಿಗೆ ಹಾಕಿದ ದುಡ್ಡೆಲ್ಲ ದಂಡ.

ಚಿಂತಾಮಣಿ_ಸೀಮೆ:
ಇದಕ್ಕೇ ಹೇಳೋದು, ಹಳೆ ಗಾಡಿ ಹಳೆ ಮೇಸ್ತ್ರಿ ಕೈಗೇ ಕೊಡಬೇಕು. ಈಗಿನ ಹುಡುಗರಿಗೆ ಬಿಚ್ಚಿ ಹೊಸದು ಹಾಕುವುದು ಮಾತ್ರ ಗೊತ್ತು.

ಬೇತಮಂಗಲ_ಫಿಟ್ಟರ್:
ಹಾಗೆ ಎಲ್ಲರನ್ನೂ ಒಟ್ಟಿಗೆ ಬೈಯಬೇಡಿ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ ಕ್ಲಚ್ ಪರೀಕ್ಷೆ ಮಾಡದೆ ಬಾಕ್ಸ್ ಮುಟ್ಟುವುದಿಲ್ಲ. ಕಲಿಸಿದರೆ ಕಲಿಯುತ್ತಾರೆ.

ಪಾಲಿಟೆಕ್ನಿಕ್_ಅಕ್ಕ:
ಮಾಲೂರಿನವರೇ, ನೀವು ಬರೆದದ್ದನ್ನು ಗಮನವಿಟ್ಟು ಓದಿದೆ. ನಿಮ್ಮ ಗಾಡಿಯಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು ಅಂತ ನನ್ನ ಅನಿಸಿಕೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ಗೇರ್ ಕಡಿಯುವುದು ಅಂದರೆ ಏನು? ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗದ ಹಲ್ಲುಗಳು ಒಂದಕ್ಕೊಂದು ತಾಗುವುದು. ಹೆಚ್ಚಿನ ಬಾಕ್ಸ್‌ಗಳಲ್ಲಿ ಓಡುವ ಗೇರುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ನಾವು ಲಿವರ್ ತಳ್ಳಿದಾಗ ಸರಿಯುವುದು ಸ್ಲೀವ್. ಅದರ ಒಳಹಲ್ಲು ಗೇರಿನ ಪಕ್ಕದ ಚಿಕ್ಕ ಹಲ್ಲಿಗೆ ಹೋಗಿ ಕೂರಬೇಕು. ಎರಡರ ವೇಗ ಒಂದೇ ಆಗಿದ್ದರೆ ಸದ್ದಿಲ್ಲದೆ ಕೂರುತ್ತದೆ. ಆ ವೇಗ ಹೊಂದಿಸುವ ಕೆಲಸ ಹಿತ್ತಾಳೆಯ ಸಿಂಕ್ರೋ ರಿಂಗಿನದು. ಓಡುವ ಬಸ್ಸು ಹತ್ತುವವನು ಮೊದಲು ನಾಲ್ಕು ಹೆಜ್ಜೆ ಜೊತೆಗೆ ಓಡಿ ಆಮೇಲೆ ಕಾಲಿಡುತ್ತಾನಲ್ಲ, ರಿಂಗ್ ಮಾಡಿಸುವುದು ಅದನ್ನೇ.

ಹಳೆ ಲಾರಿಗಳಲ್ಲಿ ಫಸ್ಟಿಗೂ ರಿವರ್ಸಿಗೂ ರಿಂಗ್ ಇರದೇ ಇರುವುದು ಸಾಮಾನ್ಯ. ಅಲ್ಲಿ ವೇಗ ಹೊಂದಿಸುವವರು ಯಾರೂ ಇಲ್ಲ. ಕ್ಲಚ್ ಪೂರ್ತಿ ಒತ್ತಿ, ಒಳಗಿನ ಶಾಫ್ಟ್ ನಿಲ್ಲುವ ತನಕ ಕಾಯಬೇಕು, ಅಷ್ಟೇ. ಹಾಗಾಗಿ ನಿಂತಲ್ಲಿ ಕಡಿಯುವುದಕ್ಕೆ ಕ್ಲಚ್ ಮೇಲೆ ಅನುಮಾನ. ಥರ್ಡ್ ಮಾತ್ರ, ಅದೂ ಇಳಿಸುವಾಗ, ಅದೂ ಬಿಸಿಯಾದಾಗ ಕಡಿಯುವುದಕ್ಕೆ ಆ ಗೇರಿನ ರಿಂಗ್ ಮೇಲೆ ಅನುಮಾನ.

ಎರಡಕ್ಕೂ ಸಂಬಂಧವೂ ಇದೆ. ಕ್ಲಚ್ ಎಳೆಯುತ್ತಿದ್ದರೆ ರಿಂಗ್ ಬರೀ ಶಾಫ್ಟಿನ ವೇಗ ಹೊಂದಿಸುವುದಲ್ಲ, ಎಂಜಿನ್ ಜೊತೆಗೂ ಜಗ್ಗಾಡಬೇಕು. ಅದಕ್ಕೆ ಅದು ಮಾಡಿದ್ದೇ ಅಲ್ಲ. ಬೇಗ ಸವೆಯುತ್ತದೆ. ಆದ್ದರಿಂದ ಹೊಸ ರಿಂಗ್ ಹಾಕಿ ಕ್ಲಚ್ ಹಾಗೇ ಬಿಟ್ಟರೆ ಅದೂ ಹಾಳಾಗುತ್ತದೆ. ಕ್ಲಚ್ ಮೊದಲು. ಇದರಲ್ಲಿ ಎರಡನೇ ಮಾತಿಲ್ಲ.

ಮಾಲೂರು_ಬಾನೆಟ್:
ಮೇಡಂ, ಫಿಟ್ಟರಣ್ಣ, ಇಬ್ಬರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ. ಕಾದರೂ ರಿವರ್ಸ್ ಕಡಿಯಿತು. ಪಂಪ್ ಮಾಡಿದ ಮೇಲೆ ಮೆತ್ತಗೆ ಬಿತ್ತು!

ಬೇತಮಂಗಲ_ಫಿಟ್ಟರ್:
ನೋಡಿದಿರಾ. ನಿಮ್ಮ ಕ್ಲಚ್ ರಾಡ್ ಲಿಂಕೇಜಾ, ಎಣ್ಣೆಯ ಒತ್ತಡದ ಹೈಡ್ರಾಲಿಕ್ಕಾ?

ಮಾಲೂರು_ಬಾನೆಟ್:
ಹೈಡ್ರಾಲಿಕ್. ಕೆಳಗೆ ಬೆಲ್ ಹೌಸಿಂಗ್ ಪಕ್ಕ ಸ್ಲೇವ್ ಸಿಲಿಂಡರ್ ಕಾಣುತ್ತದೆ.

ಬೇತಮಂಗಲ_ಫಿಟ್ಟರ್:
ಹಾಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಅಥವಾ ಮಾಸ್ಟರ್ (ಪೆಡಲ್ ಕಡೆಯ ಸಿಲಿಂಡರ್), ಸ್ಲೇವ್ (ಬಾಕ್ಸ್ ಕಡೆಯದು) ಎರಡರಲ್ಲಿ ಒಂದರ ರಬ್ಬರ್ ಕಪ್ ಹೋಗಿದೆ. ಸ್ಲೇವಿನ ರಬ್ಬರ್ ಬೂಟ್ ಸ್ವಲ್ಪ ಹಿಂದಕ್ಕೆ ಸರಿಸಿ. ಒಳಗೆ ಒದ್ದೆ ಇದ್ದರೆ ಅಲ್ಲೇ ಸೋರುತ್ತಿದೆ. ಒಬ್ಬರು ಪೆಡಲ್ ಒತ್ತಲಿ, ನೀವು ಸ್ಕೇಲ್ ಹಿಡಿದು ಪುಶ್ ರಾಡ್ ಎಷ್ಟು ಮುಂದೆ ಬರುತ್ತದೆ ಅಳೆಯಿರಿ. ಹೊಸ ರಬ್ಬರ್ ಕಿಟ್ ಹಾಕುವ ಮೊದಲು ಒಂದು ಅಳತೆ, ಹಾಕಿದ ಮೇಲೆ ಒಂದು ಅಳತೆ. ಆಗ ಕಣ್ಣಿಗೇ ಗೊತ್ತಾಗುತ್ತದೆ.

ಸಿಲಿಂಡರಿನ ಒಳಮೈಗೆ ಬೆರಳು ಆಡಿಸಿ. ತುಕ್ಕಿನ ಗುಂಡಿ ಸಿಕ್ಕರೆ ಬರೀ ಕಪ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರೇ ಬದಲಾಯಿಸಿ. ಹಳೆ ಎಣ್ಣೆ ಪೂರ್ತಿ ತೆಗೆಯಿರಿ. ಕ್ಲಚ್ ಲೈನಿಗೂ ಹಾಕುವುದು ಬ್ರೇಕ್ ಆಯಿಲ್, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದೇ ತುಕ್ಕಿಗೆ ಮೂಲ.

ಜೀಪ್_ಶ್ರೀನಿವಾಸಪುರ:
ಒಂದು ಎಚ್ಚರಿಕೆ. ಕ್ಲಚ್ ಎಣ್ಣೆಯ ಡಬ್ಬಿಗೆ ಯಾರಾದರೂ ಎಂಜಿನ್ ಆಯಿಲ್ ಹಾಕಿದ್ದರೆ ಎಲ್ಲ ರಬ್ಬರೂ ಉಬ್ಬಿಕೊಂಡಿರುತ್ತದೆ. ಹಳೆ ಗಾಡಿಗಳಲ್ಲಿ ಈ ಕೆಲಸ ನೋಡಿದ್ದೇನೆ. ಆಗ ಹೋಸ್ ಸಮೇತ ಎಲ್ಲ ಬದಲಾಯಿಸಬೇಕು.

ನಂಗಲಿ_ಡ್ರೈವರ್:
ನೀವೆಲ್ಲ ರಿಪೇರಿ ಹೇಳುತ್ತಿದ್ದೀರಿ. ಸರಿ. ಆದರೆ ನಾನು ಡಬಲ್ ಕ್ಲಚ್ ಅಂದದ್ದು ಸುಮ್ನೆ ಅಲ್ಲ. ಹಳೆ ಲೇಲ್ಯಾಂಡ್ ಕಾಮೆಟ್‌ನಲ್ಲಿ ಸಿಂಕ್ರೋನೇ ಇರಲಿಲ್ಲ. ಕಾನ್‌ಸ್ಟಂಟ್ ಮೆಶ್ ಬಾಕ್ಸ್. ಅದರಲ್ಲೇ ಲೋಡ್ ಹಾಕಿಕೊಂಡು ಮೊಗಿಲಿ ಘಾಟಿ ಹತ್ತಿ ಇಳಿದಿದ್ದೇವೆ. ಒಂದು ಸಲವೂ ಹಲ್ಲು ಕಡಿಸದೆ ಓಡಿಸುವವನಿಗೇ ಆಗ ಡ್ರೈವರ್ ಅನ್ನುತ್ತಿದ್ದರು. ಕ್ಲೀನರ್ ಆಗಿದ್ದಾಗ ಮೊದಲು ಕಲಿತ ಪಾಠವೇ ಅದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೇರ್ ಏರಿಸುವಾಗ: ಕ್ಲಚ್ ಒತ್ತು, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಎಂಜಿನ್ ಇಳಿಯುವ ತನಕ ಒಂದು ಗಳಿಗೆ ನಿಲ್ಲು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕು. ಇಳಿಸುವಾಗ: ಕ್ಲಚ್ ಒತ್ತು, ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್ ಕೊಡು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕು. ರೇಸ್ ಎಷ್ಟು ಕೊಡಬೇಕು ಅನ್ನುವುದು ಕಿವಿಗೆ ಗೊತ್ತಾಗಬೇಕು.

ಪಾಲಿಟೆಕ್ನಿಕ್_ಅಕ್ಕ:
ನಂಗಲಿಯವರು ಹೇಳಿದ ಆ ರೇಸಿಗೆ ಲೆಕ್ಕವೂ ಇದೆ. ಉದಾಹರಣೆಗೆ ಫೋರ್ತಿನ ಅನುಪಾತ 1.5, ಥರ್ಡಿನದು 2.5 ಅಂತ ಇಟ್ಟುಕೊಳ್ಳಿ. ಫೋರ್ತಿನಲ್ಲಿ ಎಂಜಿನ್ 1200 ಸುತ್ತು ಇದ್ದರೆ, ಅದೇ ವೇಗದಲ್ಲಿ ಥರ್ಡಿಗೆ 2000 ಸುತ್ತು ಬೇಕು. ಕ್ಲಚ್ ಬಿಟ್ಟು ರೇಸ್ ಕೊಟ್ಟಾಗ ಎಂಜಿನ್ ಒಳಗಿನ ಶಾಫ್ಟನ್ನು ಆ ವೇಗಕ್ಕೆ ಎತ್ತುತ್ತದೆ. ಕ್ಲಚ್ ಒತ್ತಿಕೊಂಡೇ ರೇಸ್ ಕೊಟ್ಟರೆ ಎಂಜಿನ್ ಒಂದೇ ಕೂಗುತ್ತದೆ, ಶಾಫ್ಟ್ ಇದ್ದಲ್ಲೇ ಇರುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.

ಮಾಲೂರು_ಬಾನೆಟ್:
ಡಬಲ್ ಕ್ಲಚ್ ಮಾಡಿದರೆ ಥರ್ಡ್ ಸದ್ದಿಲ್ಲದೆ ಬೀಳುತ್ತದೆ, ನಿಜ. ಹಾಗಾದರೆ ಹಾಗೇ ಓಡಿಸಿಕೊಂಡು ಹೋಗಲಾ?

ನಂಗಲಿ_ಡ್ರೈವರ್:
ಓಡಿಸಬಹುದು. ಯಾಕೆ ಆಗಲ್ಲ?

ಬೇತಮಂಗಲ_ಫಿಟ್ಟರ್:
ಬೇಡ. ಇವರೊಬ್ಬರೇ ಓಡಿಸುವುದಾದರೆ ಒಪ್ಪುತ್ತೇನೆ. ನಾಳೆ ಮನೆಯ ಬೇರೆಯವರು ಹಿಡಿಯುತ್ತಾರೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ತಂದು ಗೇರ್ ಬೀಳದಿದ್ದರೆ ಗಾಡಿ ಪೂರ್ತಿ ಬ್ರೇಕಿನ ಮೇಲೆ ನಿಲ್ಲಬೇಕು. ಹಳೆ ಲಾರಿ, ಲೋಡ್ ಬೇರೆ. ಡ್ರಮ್ ಬಿಸಿಯಾದರೆ ಆ ಬ್ರೇಕೂ ಇಲ್ಲ.

ನಂಗಲಿ_ಡ್ರೈವರ್:
ಅದು ಒಪ್ಪುವ ಮಾತು. ಘಾಟಿ ಇಳಿಯುವ ಮೊದಲೇ ಗೇರ್ ಹಾಕಿಕೊಳ್ಳಬೇಕು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಮಧ್ಯದಲ್ಲಿ ಗೇರ್ ಹುಡುಕಬಾರದು. ಈಗಿನವರು ಡೀಸೆಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ, ನೋಡಿದರೆ ಎದೆ ಝಲ್ಲೆನ್ನುತ್ತದೆ.

ಕೋಲಾರ_ಆಯಿಲ್_ಅಂಗಡಿ:
ಯಾರೂ ಮುಖ್ಯ ಪ್ರಶ್ನೆ ಕೇಳಲೇ ಇಲ್ಲವಲ್ಲ. ಬಾಕ್ಸಿನಲ್ಲಿ ಯಾವ ಎಣ್ಣೆ ಇದೆ?

ಮಾಲೂರು_ಬಾನೆಟ್:
ಎಂಜಿನ್ ಮಾಡಿದ ಕಡೆ 140 ನಂಬರಿನ ದಪ್ಪ ಗೇರ್ ಎಣ್ಣೆ ಹಾಕಿದ್ದಾರೆ. ಕ್ರೌನಿಗೂ (ಹಿಂದಿನ ಆಕ್ಸಲ್ ಗೇರಿಗೂ) ಬಾಕ್ಸಿಗೂ ಒಂದೇ ಡಬ್ಬದಿಂದ. ಡಬ್ಬದ ಮೇಲೆ ದರ್ಜೆ ಜಿಎಲ್-5 ಅಂತ ಇತ್ತು.

ಕೋಲಾರ_ಆಯಿಲ್_ಅಂಗಡಿ:
ಅಲ್ಲೇ ಎಡವಟ್ಟು. ಕ್ರೌನಿಗೆ ಸರಿ, ಬಾಕ್ಸಿಗೆ ತಪ್ಪು. ಹಿತ್ತಾಳೆ ರಿಂಗ್ ಇರುವ ಬಾಕ್ಸಿಗೆ 140ಕ್ಕಿಂತ ತೆಳ್ಳಗಿನ 80ಡಬ್ಲ್ಯೂ-90, ಜಿಎಲ್-4 ದರ್ಜೆಯದು ಹಾಕಿ. ಕ್ರೌನಿನ ಹೈಪಾಯ್ಡ್ ಗೇರಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಜೋರಾಗಿ ಜಾರುತ್ತವೆ. ಅದಕ್ಕೇ ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರಿಕೆ ಜಾಸ್ತಿ. ಜಿಎಲ್-4ರಲ್ಲಿ ಹೆಚ್ಚುಕಡಿಮೆ ಅದರ ಅರ್ಧ.

ಚಿಂತಾಮಣಿ_ಸೀಮೆ:
ಇದೆಲ್ಲ ಅಂಗಡಿಯವರ ಲೆಕ್ಕ ಸ್ವಾಮಿ. ನಮ್ಮ ಮನೆಯಲ್ಲಿ ಮೂರು ಲಾರಿ ಇದ್ದವು. ಎಲ್ಲದಕ್ಕೂ 140. ಯಾವ ಬಾಕ್ಸೂ ಕೆಟ್ಟಿಲ್ಲ. ಎಣ್ಣೆ ದಪ್ಪ ಇದ್ದಷ್ಟೂ ಗೇರಿಗೆ ಒಳ್ಳೆಯದು.

ಕೋಲಾರ_ಆಯಿಲ್_ಅಂಗಡಿ:
ನಿಮ್ಮ ಲಾರಿ ಯಾವುದು?

ಚಿಂತಾಮಣಿ_ಸೀಮೆ:
ಲೇಲ್ಯಾಂಡ್. ಮೂರೂ.

ಕೋಲಾರ_ಆಯಿಲ್_ಅಂಗಡಿ:
ಕಾನ್‌ಸ್ಟಂಟ್ ಮೆಶ್ ಅಲ್ವಾ? ಅದರಲ್ಲಿ ರಿಂಗೇ ಇಲ್ಲದ ಮೇಲೆ ಕೆಡುವುದು ಏನು? ದಪ್ಪ ಎಣ್ಣೆ ಆ ಬಾಕ್ಸಿಗೆ ಒಂದು ರೀತಿ ಉಪಕಾರವೇ. ಗೇರ್ ಏರಿಸುವಾಗ ಶಾಫ್ಟನ್ನು ಬೇಗ ನಿಧಾನ ಮಾಡುತ್ತದೆ. ಸಿಂಕ್ರೋ ಬಾಕ್ಸಿನಲ್ಲಿ ಉಲ್ಟಾ. ರಿಂಗಿನ ಒಳಗೆ ಸಣ್ಣ ಸಣ್ಣ ಗೆರೆ ಇರುತ್ತವೆ. ಅವು ರಿಂಗ್ ಕೂರುವ ಗೇರಿನ ಕೋನಿನ ಮೇಲಿನ ಎಣ್ಣೆಯ ಪದರ ಕೊಯ್ದು ಹಿಡಿತ ತರಬೇಕು. ಎಣ್ಣೆ ದಪ್ಪ ಇದ್ದರೆ ಕೊಯ್ಯಲು ಹೊತ್ತು ಬೇಕು. ಜಾರಿಕೆ ಜಾಸ್ತಿ ಇದ್ದರೆ ಹಿಡಿತವೇ ಬರುವುದಿಲ್ಲ. ನಾವು ಅಷ್ಟರಲ್ಲಿ ಲಿವರ್ ತಳ್ಳಿಬಿಟ್ಟಿರುತ್ತೇವೆ.

ಪಾಲಿಟೆಕ್ನಿಕ್_ಅಕ್ಕ:
ಇಲ್ಲಿ ಒಂದು ತಿದ್ದುಪಡಿ. "ಜಿಎಲ್-5 ಹಿತ್ತಾಳೆ ತಿಂದುಹಾಕುತ್ತದೆ" ಅಂತ ಎಲ್ಲ ಕಡೆ ಹೇಳುತ್ತಾರೆ. ಹಳೆ ಕಾಲದ ಎಣ್ಣೆಗಳಿಗೆ ಅದು ಸರಿಯಾದ ದೂರು. ಈಗ ಎಲ್ಲ ಜಿಎಲ್-5 ಹಾಗಿಲ್ಲ. ಎಣ್ಣೆಯಲ್ಲಿ ತಾಮ್ರದ ಪಟ್ಟಿ ಮುಳುಗಿಸಿ, ಬಿಸಿ ಮಾಡಿ, ಎಷ್ಟು ಕಪ್ಪಾಯಿತು ಅಂತ 1ರಿಂದ 4ರವರೆಗೆ ಅಂಕ ಕೊಡುವ ಪರೀಕ್ಷೆ ಇದೆ. 1 ಬಂದರೆ ತಾಮ್ರ, ಹಿತ್ತಾಳೆಗೆ ಭಯ ಕಡಿಮೆ. ಆದರೂ ಹಿಡಿತದ ತೊಂದರೆ ಉಳಿಯುತ್ತದೆ. ಹಾಗಾಗಿ ಅಂಗಡಿಯವರು ಹೇಳಿದ ಎಣ್ಣೆಯೇ ಸರಿ, ಕಾರಣ ಮಾತ್ರ ಸ್ವಲ್ಪ ಬೇರೆ.

ಚಿಂತಾಮಣಿ_ಸೀಮೆ:
ಸರಿ ಮೇಡಂ. ರಿಂಗ್ ಇರುವ ಬಾಕ್ಸು, ಇಲ್ಲದ ಬಾಕ್ಸು ಅನ್ನುವ ವ್ಯತ್ಯಾಸ ಒಪ್ಪಿದೆ. ಲೇಲ್ಯಾಂಡ್ ಬಾಕ್ಸ್ ಗಟ್ಟಿ ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಜೀಪ್_ಶ್ರೀನಿವಾಸಪುರ:
ನನ್ನ ಹಳೆ ಮಹೀಂದ್ರಾ ಜೀಪಿನಲ್ಲಿ ಟಿ-90 ಬಾಕ್ಸ್. ಮೂರೇ ಗೇರು. ಸೆಕೆಂಡ್, ಥರ್ಡಿಗೆ ಸಿಂಕ್ರೋ, ಫಸ್ಟಿಗೆ ಇಲ್ಲ. ನಿಂತಾಗ ಫಸ್ಟ್ ಹಾಕುವ ಮೊದಲು ಲಿವರನ್ನು ಸೆಕೆಂಡಿಗೆ ಒಮ್ಮೆ ಮುಟ್ಟಿಸುತ್ತೇನೆ. ಸೆಕೆಂಡಿನ ರಿಂಗ್ ಒಳಗಿನ ಶಾಫ್ಟನ್ನು ನಿಲ್ಲಿಸುತ್ತದೆ. ಕೂಡಲೇ ಫಸ್ಟ್ ಸದ್ದಿಲ್ಲದೆ ಬೀಳುತ್ತದೆ. ನಿಮ್ಮ ಲಾರಿಗೂ ಇದು ನಡೆಯುತ್ತದೆ. ಕ್ಲಚ್ ಸರಿಯಾದ ಮೇಲೆ ಮಾತ್ರ.

ಕೆಜಿಎಫ್_ಮಾರಿಕುಪ್ಪಂ:
ಲಾರಿಯ ಫೋಟೋ ಹಾಕಿ ಸಾರ್! ಬಾನೆಟ್ ಮೇಲೆ ಬೆಂಜ್ ನಕ್ಷತ್ರ ಇದೆಯಾ?

ಮಾಲೂರು_ಬಾನೆಟ್:
ಇಲ್ಲ, ಟಾಟಾ ಗುರುತು. ಅಪ್ಪ ಮಾತ್ರ ಇವತ್ತಿಗೂ "ಬೆಂಜ್" ಅಂತಲೇ ಕರೆಯುವುದು.

ತಿಪಟೂರು_ಕೊಬ್ಬರಿ:
ನಮ್ಮ ಕಡೆಯೂ ಹಾಗೇ ಕರೆಯುತ್ತಿದ್ದರು. ಟೆಲ್ಕೋ (ಆಗಿನ ಟಾಟಾ ಲಾರಿ ಕಂಪನಿ) ಮತ್ತು ಡೈಮ್ಲರ್-ಬೆಂಜ್ ಒಪ್ಪಂದ ಆದದ್ದು 1954ರಲ್ಲಿ, ಮುಗಿದದ್ದು 1969ರಲ್ಲಿ. ಅಲ್ಲಿಯ ತನಕ ನಕ್ಷತ್ರ ಇತ್ತು. ನಂಬರಿನ ಲೆಕ್ಕವೂ ಬೆಂಜಿನದೇ. 1210 ಅಂದರೆ 12 ಟನ್ ಒಟ್ಟು ತೂಕ, ಸುಮಾರು 100 ಅಶ್ವಶಕ್ತಿ. ಆಮೇಲೆ ಬಂದ 407 ಕೂಡ ಅದೇ ಲೆಕ್ಕ. 4 ಟನ್, 70 ಅಶ್ವಶಕ್ತಿಯ ಆಸುಪಾಸು. ಕೊಬ್ಬರಿ ಸಂತೆಗೆ ಬರುತ್ತಿದ್ದ ಬಾನೆಟ್ ಲಾರಿಗಳ ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಳಿಸಿಕೊಂಡಿದ್ದೀರಲ್ಲ, ಬಹಳ ಸಂತೋಷ.

ಬಂಗಾರಪೇಟೆ_07:
ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸಬಹುದಲ್ವಾ?

ತಿಪಟೂರು_ಕೊಬ್ಬರಿ:
ಆಗುವುದಿಲ್ಲ. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿರಬೇಕು. ಅದೂ ವ್ಯಾಪಾರಕ್ಕಲ್ಲದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ಮಾತ್ರ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಬರುತ್ತದೆ. ಹಾಗೆ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವಂತೆಯೂ ಇಲ್ಲ. ಸರಕು ಲಾರಿಗೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿಕೊಂಡು ಹೋಗುವುದೇ ದಾರಿ.

ಕೆಜಿಎಫ್_ಮಾರಿಕುಪ್ಪಂ:
ಇಂತಹ ಲಾರಿಗಳಿಗೂ ಒಂದು ನಿಯಮ ತರಬೇಕು. ಕಾರು ಉಳಿಸುವವರಿಗೆ ದಾರಿ ಇದೆ, ಈ ಜಿಲ್ಲೆಯ ಮನೆ ಮನೆ ಕಟ್ಟಿಸಿದ ಇಟ್ಟಿಗೆ ಲಾರಿಗೆ ಇಲ್ಲ. ಇದು ನ್ಯಾಯ ಅಲ್ಲ.

ಬೇತಮಂಗಲ_ಫಿಟ್ಟರ್:
ಮಾತು ಎಲ್ಲೋ ಹೋಯಿತು. ಮಾಲೂರಣ್ಣ, ಸ್ಲೇವ್ ಏನಾಯಿತು?

ಮಾಲೂರು_ಬಾನೆಟ್:
ಬೂಟ್ ಒಳಗೆ ಪೂರ್ತಿ ಒದ್ದೆ. ಸಿಲಿಂಡರ್ ಒಳಗೆ ತುಕ್ಕಿನ ಗುಂಡಿಗಳಿದ್ದವು. ಹೊಸ ಸ್ಲೇವ್, ಮಾಸ್ಟರಿಗೆ ಹೊಸ ಕಿಟ್, ಹೊಸ ಹೋಸ್ ಹಾಕಿ ಲೈನಿನ ಗಾಳಿ ತೆಗೆದು ಬ್ಲೀಡ್ ಮಾಡಿದೆವು. ಹಳೆ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿತ್ತು. ಪುಶ್ ರಾಡಿನ ಓಟ ಮೊದಲಿಗಿಂತ ಚೆನ್ನಾಗಿಯೇ ಜಾಸ್ತಿಯಾಗಿದೆ. ಈಗ ಸ್ವಲ್ಪ ಕಾದರೆ ಫಸ್ಟ್, ರಿವರ್ಸ್ ಎರಡೂ ಸದ್ದಿಲ್ಲ. ಸೆಕೆಂಡ್ ಮುಟ್ಟಿಸಿ ಹಾಕಿದರೆ ಕಾಯುವುದೂ ಬೇಡ.

ಬಾಕ್ಸಿನ ಎಣ್ಣೆಯೂ ಇಳಿಸಿದೆ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಲೇಹ ಅಂಟಿತ್ತು. ತುಂಡುಗಳಿಲ್ಲ. ಆದರೆ ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಚಿನ್ನದ ಪುಡಿ ತೇಲಿದ ಹಾಗೆ ಮಿನುಗುತ್ತಿದೆ.

ಬೇತಮಂಗಲ_ಫಿಟ್ಟರ್:
ಬೂದು ಲೇಹಕ್ಕೆ ಹೆದರಬೇಡಿ. ಅದು ಎಲ್ಲ ಬಾಕ್ಸಿನಲ್ಲೂ ಬರುತ್ತದೆ. ಉಗುರಿಗೆ ಸಿಗುವ ಉಕ್ಕಿನ ಚೂರು ಬಂದಿದ್ದರೆ ಹಲ್ಲು ಮುರಿದಿದೆ ಅಂತ ಅರ್ಥ. ಅದಿಲ್ಲ, ಒಳ್ಳೆಯ ಸುದ್ದಿ. ಮಿನುಗುವುದು ಹಿತ್ತಾಳೆ. ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಣ್ಣೆಯಲ್ಲೇ ತೇಲುತ್ತದೆ. ರಿಂಗ್ ಸವೆದಿದೆ. ಮೊದಲು ಜಿಎಲ್-4 ಹಾಕಿ ಓಡಿಸಿ. ಪಕ್ಕದ ಫಿಲ್ಲರ್ ತೂತಿನ ಮಟ್ಟಕ್ಕೆ ಬಂದು ಸೋರುವ ತನಕ ಹಾಕಬೇಕು. ಗಾಡಿ ಸಮತಟ್ಟಿನಲ್ಲಿ ಇರಲಿ.

ಮಾಲೂರು_ಬಾನೆಟ್:
ಹಾಕಿದೆ. ಬೆಳಿಗ್ಗೆ ತಣ್ಣಗಿರುವಾಗ ಥರ್ಡ್ ಎಷ್ಟೋ ವಾಸಿ. ಟೇಕಲ್ ತನಕ ಹೋಗಿ ಬಂದರೆ ಬಿಸಿಯಾಗಿ ಮತ್ತೆ ಕಡಿಯುತ್ತದೆ. ಮೊದಲಿನಷ್ಟಿಲ್ಲ, ಆದರೆ ಇದೆ.

ಬೇತಮಂಗಲ_ಫಿಟ್ಟರ್:
ಹಾಗಾದರೆ ಈಗ ಬಾಕ್ಸ್ ಇಳಿಸುವ ಹೊತ್ತು ಬಂತು. ಮೊದಲೇ ಇಳಿಸಿದ್ದರೆ ಬರೀ ಊಹೆ. ಈಗ ಕ್ಲಚ್ ಅಲ್ಲ, ಎಣ್ಣೆ ಅಲ್ಲ ಅಂತ ಗೊತ್ತಾಗಿ ಇಳಿಸುತ್ತಿದ್ದೇವೆ. ಗ್ಯಾರೇಜಿನವರು ಹೇಳಿದ ಹಾಗೆ ಗೇರ್ ಸೆಟ್ ಪೂರ್ತಿ ಬೇಕಾ ಅನ್ನುವುದು ಬಿಚ್ಚಿ ನೋಡಿದ ಮೇಲಿನ ಮಾತು.

ಇಳಿಸುವಾಗ ಹುಷಾರು. ಬಾಕ್ಸ್ ಒಬ್ಬರಿಬ್ಬರು ಹಿಡಿಯುವ ತೂಕ ಅಲ್ಲ. ಸರಿಯಾದ ಟ್ರಾಲಿ ಜಾಕ್ ಅಥವಾ ಚೈನ್ ಬ್ಲಾಕ್ ಬೇಕು. ಬೋಲ್ಟ್ ಬಿಚ್ಚಿದ ಮೇಲೆ ಬಾಕ್ಸನ್ನು ಇನ್‌ಪುಟ್ ಶಾಫ್ಟಿನ ಮೇಲೆ ಜೋತಾಡಲು ಬಿಡಬೇಡಿ. ಕ್ಲಚ್ ಪ್ಲೇಟಿನ ಹಬ್ ಬಗ್ಗುತ್ತದೆ. ಆಮೇಲೆ ಮತ್ತೆ ಕ್ಲಚ್ ಎಳೆಯಲು ಶುರು. ಹೊಸ ತೊಂದರೆ ನಾವೇ ಮಾಡಿದ ಹಾಗಾಗುತ್ತದೆ.

ಬಾಕ್ಸ್ ಹೊರಗೆ ಬಂದಾಗ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಎರಡೂ ಬದಲಾಯಿಸಿ. ಅವುಗಳ ಬೆಲೆ ಕಡಿಮೆ, ಮತ್ತೆ ಇಳಿಸುವ ಕೂಲಿ ಜಾಸ್ತಿ. ಕ್ಲಚ್ ಪ್ಲೇಟ್ ಶಾಫ್ಟಿನ ಉದ್ದುದ್ದ ಗೀರುಗಳ (ಸ್ಪ್ಲೈನ್) ಮೇಲೆ ಸಲೀಸಾಗಿ ಜಾರುತ್ತದಾ ನೋಡಿ. ನಿಂತ ಗಾಡಿಯಲ್ಲಿ ಅಲ್ಲಿ ತುಕ್ಕು ಹಿಡಿದಿರುತ್ತದೆ. ತಂತಿ ಬ್ರಶ್‌ನಲ್ಲಿ ಉಜ್ಜಿ, ಗ್ರೀಸ್ ತೆಳ್ಳಗೆ ಸವರಿ. ಜಾಸ್ತಿ ಹಾಕಿದರೆ ಹಾರಿ ಪ್ಲೇಟಿಗೆ ಅಂಟುತ್ತದೆ.

ಪಾಲಿಟೆಕ್ನಿಕ್_ಅಕ್ಕ:
ರಿಂಗ್ ಅಳೆಯುವ ಕ್ರಮ ಹೇಳುತ್ತೇನೆ. ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ ತಿರುಗಿಸಿ ಕೂರಿಸಿ. ರಿಂಗಿನ ಹಲ್ಲಿಗೂ ಗೇರಿನ ಚಿಕ್ಕ ಹಲ್ಲಿಗೂ ಮಧ್ಯದ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆಯ ಪಟ್ಟಿ) ಹಾಕಿ. ಮೂರು ನಾಲ್ಕು ಕಡೆ ಅಳೆಯಿರಿ. ಹೊಸ ರಿಂಗಿನಲ್ಲಿ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ಇರುತ್ತದೆ. ಅರ್ಧ ಮಿ.ಮೀ.ಗಿಂತ ಕೆಳಗೆ ಬಂದರೆ ಬಹುತೇಕ ಬಾಕ್ಸ್‌ಗಳಲ್ಲಿ ಬದಲಾಯಿಸುತ್ತಾರೆ. ನಿಖರ ಅಳತೆಗೆ ನಿಮ್ಮ ಬಾಕ್ಸಿನ ಮ್ಯಾನುಯಲ್ ನೋಡಿ. ಬಾಕ್ಸಿನ ಮೇಲಿನ ಪ್ಲೇಟ್ ಓದಿ, ಹಳೆ ಲಾರಿಯಲ್ಲಿ ಬಾಕ್ಸ್ ಬದಲಾಗಿರುವ ಸಾಧ್ಯತೆ ಇರುತ್ತದೆ.

ಇನ್ನೊಂದು. ರಿಂಗ್ ಹಾಕಿದರೆ ಸಾಲದು, ಕೋನ್ ನೋಡಿ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದಿದೆ. ಚಿಕ್ಕ ಹಲ್ಲುಗಳ ತುದಿ ಚೂಪಾಗಿ ಮನೆಯ ಇಳಿಜಾರು ಮಾಡಿನ ಆಕಾರದಲ್ಲಿ ಇರಬೇಕು. ಮೊಂಡಾಗಿ ದುಂಡಗಾಗಿದ್ದರೆ ಆ ಗೇರ್ ಬದಲಾಯಿಸಲೇಬೇಕು.

ಚಿಂತಾಮಣಿ_ಸೀಮೆ:
ಮೊಂಡಾದ ಹಲ್ಲನ್ನು ಗ್ರೈಂಡರ್‌ನಲ್ಲಿ ತೀಡಿ ಕೊಡುವವರು ಇದ್ದಾರೆ.

ಬೇತಮಂಗಲ_ಫಿಟ್ಟರ್:
ಬೇಡ ಅಣ್ಣ. ಆ ಹಲ್ಲಿನ ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ. ಗ್ರೈಂಡರ್ ಹಿಡಿದರೆ ಆ ಗಟ್ಟಿ ಪದರ ಹೋಗುತ್ತದೆ, ಒಳಗಿನ ಮೆತ್ತನೆಯ ಉಕ್ಕು ಬೇಗ ಸವೆಯುತ್ತದೆ. ಕೋನಿನ ಮೇಲೆ ಅಂಟಿದ ಹಿತ್ತಾಳೆ ಕಲೆ ತೆಗೆಯಲು ನುಣ್ಣನೆ ಎಮರಿ ಪೇಪರ್ ಸಾಕು.

ಮಾಲೂರು_ಬಾನೆಟ್:
ಸ್ಪೇರ್ ಎಲ್ಲಿ ಸಿಗುತ್ತದೆ?

ಬಂಗಾರಪೇಟೆ_07:
ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ಮೊದಲು ವಿಚಾರಿಸಿ. ಹಳೆ ರಿಂಗ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ನಂಗಲಿ_ಡ್ರೈವರ್:
ಅಲ್ಲಿ ಸಿಗದಿದ್ದರೆ ನಾಮಕ್ಕಲ್. ಅಲ್ಲೂ ಇಲ್ಲ ಅಂದರೆ ವಿಜಯವಾಡದ ಆಟೋನಗರ. ಲಾರಿಯ ಯಾವ ತುಂಡಾದರೂ ಅಲ್ಲಿ ಇರುತ್ತದೆ.

ಕೆಜಿಎಫ್_ಮಾರಿಕುಪ್ಪಂ:
ಬಂಗಾರಪೇಟೆ ಮೇಲೆ ಹೋದರೆ ಪಾನಿಪುರಿ ತಿನ್ನದೆ ಬರಬೇಡಿ. ನೀರಿನ ಹಾಗೆ ತಿಳಿಯಾದ ಪಾನಿ ಬೇರೆ ಎಲ್ಲೂ ಆ ರುಚಿಗೆ ಸಿಗುವುದಿಲ್ಲ.

ಬಂಗಾರಪೇಟೆ_07:
ಇದಕ್ಕೆ ನನ್ನ ಪೂರ್ತಿ ಬೆಂಬಲ.

ಮಾಲೂರು_ಬಾನೆಟ್:
ಕೆಲಸ ಆಯಿತು. ಫಿಟ್ಟರಣ್ಣ ತಾವೇ ಬಂದು ನಿಂತು ಮಾಡಿಸಿದರು, ಅವರ ಉಪಕಾರ ಮರೆಯುವುದಿಲ್ಲ. ಥರ್ಡಿನ ರಿಂಗ್ ಮತ್ತು ಗೇರಿನ ಮಧ್ಯೆ ತೆಳ್ಳನೆಯ ಫೀಲರ್ ಕೂಡ ಹೋಗಲಿಲ್ಲ. ಒಳಗಿನ ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದ್ದವು. ಸೆಕೆಂಡಿನ ರಿಂಗೂ ಸವೆದಿತ್ತು, ಅದನ್ನೂ ಬದಲಾಯಿಸಿದೆವು. ಕೋನ್, ಚಿಕ್ಕ ಹಲ್ಲು, ಸ್ಲೀವ್ ಎಲ್ಲ ಚೆನ್ನಾಗಿದ್ದವು. ಗೇರ್ ಒಂದೂ ಬದಲಾಯಿಸಲಿಲ್ಲ. ಎರಡು ರಿಂಗ್, ಸ್ಪ್ರಿಂಗು, ಆಯಿಲ್ ಸೀಲ್, ಪೈಲಟ್ ಮತ್ತು ರಿಲೀಸ್ ಬೇರಿಂಗ್, ಅಷ್ಟೇ. ಕೂಲಿ ಸೇರಿಸಿದರೂ ಗ್ಯಾರೇಜಿನವರು ಹೇಳಿದ ಮೊತ್ತದ ಸಣ್ಣ ಪಾಲು.

ಲೋಡ್ ಇಲ್ಲದೆ ಮಾಲೂರಿನಿಂದ ಕೋಲಾರಕ್ಕೆ ಹೋಗಿ ಬಂದೆ. ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೂ ಥರ್ಡ್ ಸದ್ದಿಲ್ಲ. ಅಪ್ಪ ಪಕ್ಕದಲ್ಲಿ ಕೂತಿದ್ದರು. "ಈಗಲೂ ಡಬಲ್ ಕ್ಲಚ್ ಹೊಡಿ, ರಿಂಗ್ ಬಾಳಿಕೆ ಬರುತ್ತದೆ" ಅಂದರು.

ನಂಗಲಿ_ಡ್ರೈವರ್:
ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಸರಿಯಾದ ಮಾತು.

ಪಾಲಿಟೆಕ್ನಿಕ್_ಅಕ್ಕ:
ತುಂಬ ಸಂತೋಷ. ಹೊಸ ರಿಂಗ್ ಕೋನಿಗೆ ಹೊಂದಿಕೊಳ್ಳುವ ತನಕ ಲಿವರನ್ನು ಜೋರಾಗಿ ತಳ್ಳಬೇಡಿ. ಒಂದಷ್ಟು ಓಡಿದ ಮೇಲೆ ಎಣ್ಣೆ ಒಮ್ಮೆ ಇಳಿಸಿ ನೋಡಿ. ಮಿನುಗು ಮೊದಮೊದಲು ಸ್ವಲ್ಪ ಇರುತ್ತದೆ, ಆಮೇಲೆ ನಿಲ್ಲಬೇಕು.

ತಿಪಟೂರು_ಕೊಬ್ಬರಿ:
ಇದನ್ನೆಲ್ಲ ಓದಿ ನನ್ನದೂ ಒಂದು ಪ್ರಶ್ನೆ. ನಮ್ಮ 407ರಲ್ಲಿ ಹಲ್ಲು ಕಡಿಯುವುದಿಲ್ಲ. ಆದರೆ ಇಳಿಜಾರಿನಲ್ಲಿ ಕಾಲು ತೆಗೆದರೆ ಫೋರ್ತ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರುತ್ತದೆ. ಇದೂ ರಿಂಗಾ?

ಬೇತಮಂಗಲ_ಫಿಟ್ಟರ್:
ರಿಂಗ್ ಅಲ್ಲ. ಮೊದಲು ಎಂಜಿನ್ ಮತ್ತು ಬಾಕ್ಸಿನ ಮೌಂಟಿಂಗ್ ರಬ್ಬರ್ ನೋಡಿ. ಆಮೇಲೆ ಮೇಲಿನ ಕವರಿನಲ್ಲಿ ಶಿಫ್ಟ್ ರಾಡ್ ಹಿಡಿಯುವ ಲಾಕ್ ಬಾಲ್, ಸ್ಪ್ರಿಂಗ್. ಸ್ಪ್ರಿಂಗ್ ಸೋತಿದ್ದರೆ ಕಡಿಮೆ ಖರ್ಚಿನಲ್ಲೇ ಮುಗಿಯುತ್ತದೆ. ಎರಡೂ ಚೆನ್ನಾಗಿದ್ದರೆ ಫೋರ್ಕ್ ಸವೆತ, ಸ್ಲೀವಿನ ಹಲ್ಲು ಸವೆತ, ಶಾಫ್ಟಿನ ಆಟ ನೋಡಬೇಕಾಗುತ್ತದೆ. ಅದಾಗುವ ತನಕ ಇಳಿಜಾರಿನಲ್ಲಿ ಆ ಗೇರನ್ನು ನಂಬಬೇಡಿ, ಥರ್ಡಿನಲ್ಲೇ ಇಳಿಯಿರಿ. ಮೌಂಟಿಂಗ್ ನೋಡಿ ಇಲ್ಲೇ ಬರೆಯಿರಿ.